ಬಿಚ್ಚುವ ಮೊದಲು ಅಳೆಯುವ ಗ್ಯಾರೇಜು: ಹುಬ್ಬಳ್ಳಿಯಲ್ಲಿ ನಮ್ಮ ಹಳೆಯ ಟಾಟಾ 207ರ ದುರಸ್ತಿ

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ, ತಗಡಿನ ಮಾಡಿನ ಕೆಳಗೆ, ಬೋರ್ಡೇ ಇಲ್ಲದೆ ನಡೆಯುವ ಒಂದು ಡೀಸೆಲ್ ಗ್ಯಾರೇಜಿನಲ್ಲಿ ನಮ್ಮ 2006ರ ಮಾಡೆಲ್ ಟಾಟಾ 207 ಡಿಐ ಪಿಕಪ್ಪನ್ನು ಕಳೆದ ಶ್ರಾವಣದಲ್ಲಿ ಪೂರ್ತಿ ಬಿಚ್ಚಿಸಿ ಕಟ್ಟಿಸಿದೆ. ಗ್ಯಾರೇಜಿನಿಂದ ಹೊರಬಂದ ದಿನ ಯಾವ ಗಾಡಿಯೂ ಚೆನ್ನಾಗಿಯೇ ಓಡುತ್ತದೆ. ಆದ್ದರಿಂದ ಅಂದೇ ಬರೆಯದೆ, ಒಂದು ಉಳ್ಳಾಗಡ್ಡಿ ಸುಗ್ಗಿ ಮತ್ತು ಒಂದು ಮೆಣಸಿನಕಾಯಿ ಸುಗ್ಗಿ ಮುಗಿದು, ಆರು ಸಾವಿರ ಕಿಲೋಮೀಟರ್ ದಾಟಿದ ಮೇಲೆ ಈ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ.

ನಮ್ಮದು ಕುಂದಗೋಳ ತಾಲ್ಲೂಕಿನ ಎರಿ ಹೊಲ. ಗಾಡಿಯ ಕೆಲಸವೆಂದರೆ ಉಳ್ಳಾಗಡ್ಡಿಯನ್ನು ಅಮರಗೋಳದ ಎಪಿಎಂಸಿಗೆ, ಒಣ ಮೆಣಸಿನಕಾಯಿಯನ್ನು ಬ್ಯಾಡಗಿಯ ಪೇಟೆಗೆ ಮುಟ್ಟಿಸುವುದು, ಉಳಿದ ದಿನಗಳಲ್ಲಿ ಗೊಬ್ಬರ, ಹೊಟ್ಟು, ಕಬ್ಬಿಣ, ಒಮ್ಮೊಮ್ಮೆ ಮದುವೆಯ ಪಾತ್ರೆ. ಮೀಟರಿನಲ್ಲಿ 3,87,000 ಕಿಲೋಮೀಟರ್ ತೋರಿಸುತ್ತಿದ್ದಾಗ ಅದರ ಕೇಬಲ್ ಕಡಿಯಿತು. ಆಮೇಲೆ ಎರಡು ವರ್ಷ ಅದನ್ನು ಹಾಕಿಸುವ ಗೊಡವೆಗೆ ನಾನು ಹೋಗಲಿಲ್ಲವಾದ್ದರಿಂದ ನಿಜವಾದ ಲೆಕ್ಕ ನಾಲ್ಕು ಲಕ್ಷ ದಾಟಿರಬೇಕು.

ಇಷ್ಟು ಓಡಿದ ಗಾಡಿಯನ್ನು ಗುಜರಿಗೆ ಹಾಕದೆ ಕಟ್ಟಿಸಲು ಹೊರಟದ್ದು ಮೋಹದಿಂದಲ್ಲ. 207 ಡಿಐ ಪಿಕಪ್ಪಿನಲ್ಲಿರುವುದು 497 ಮಾಲಿಕೆಯ ಎಂಜಿನ್. ಆ ಸಂಖ್ಯೆಯಲ್ಲೇ ಅದರ ಜಾತಕವಿದೆ: ಮೊದಲ ಅಂಕಿ ನಾಲ್ಕು ಸಿಲಿಂಡರುಗಳನ್ನು, ಉಳಿದ ಎರಡು ಅಂಕಿಗಳು 97 ಮಿಲಿಮೀಟರಿನ ಬೋರನ್ನು, ಅಂದರೆ ಸಿಲಿಂಡರಿನ ಒಳವ್ಯಾಸವನ್ನು, ಹೇಳುತ್ತವೆ. ಸ್ಟ್ರೋಕು, ಅಂದರೆ ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ, 100 ಮಿಲಿಮೀಟರ್. ಗುಣಿಸಿ ನೋಡಿದರೆ 2956 ಸಿಸಿ ಬರುತ್ತದೆ. 1986ರಲ್ಲಿ ಬಂದ ಟಾಟಾ 407 ಲಾರಿಯ ಎಂಜಿನ್ನಿನ ಬಳಗಕ್ಕೇ ಇದೂ ಸೇರಿದ್ದರಿಂದ ಪಿಸ್ಟನ್, ಲೈನರ್ (ಸಿಲಿಂಡರಿನೊಳಗೆ ಕೂರುವ ಕೊಳವೆ), ಬೇರಿಂಗ್, ಗ್ಯಾಸ್ಕೆಟ್ ಇವೆಲ್ಲ ಹುಬ್ಬಳ್ಳಿಯ ಮಾತು ಹಾಗಿರಲಿ, ಗದಗ, ಹಾವೇರಿಯ ಅಂಗಡಿಗಳಲ್ಲೂ ಕೇಳಿದ ಕೂಡಲೇ ಸಿಗುತ್ತವೆ. ಜೊತೆಗೆ ಇದರಲ್ಲಿ ಕಂಪ್ಯೂಟರಿಲ್ಲ, ಸೆನ್ಸರಿಲ್ಲ. ಡೀಸೆಲ್ಲು, ಗಾಳಿ, ಒತ್ತಡ ಈ ಮೂರು ಸರಿಯಿದ್ದರೆ ಎಂಜಿನ್ ನಡೆಯಲೇಬೇಕು. ಹೊಸ ಪಿಕಪ್ಪಿಗೆ ಹತ್ತು ಲಕ್ಷದ ಹತ್ತಿರ ಹಣ ಬೇಕು, ಸಾಲ ಮಾಡಿದರೆ ಕಂತು ಬೇರೆ. ವರ್ಷಕ್ಕೆ ಹದಿನೈದು ಸಾವಿರ ಕಿಲೋಮೀಟರ್ ಓಡಿಸುವ ನಮ್ಮಂಥವರಿಗೆ ಆ ಲೆಕ್ಕ ಕೂಡಿಬರುವುದಿಲ್ಲ.

ಗಾಡಿಯ ಸ್ಥಿತಿಯನ್ನು ಹೇಳಬೇಕೆಂದರೆ, ಚಳಿಗಾಲದ ಬೆಳಿಗ್ಗೆ ಅದನ್ನು ಚಾಲು ಮಾಡುವುದು ಒಂದು ವ್ರತವಾಗಿತ್ತು. ಮೂರು ನಾಲ್ಕು ಬಾರಿ ಸೆಲ್ಫ್ ಹೊಡೆದ ಮೇಲೆ ಬಿಳಿ ಹೊಗೆ ಬಿಟ್ಟು, ಒಂದು ಸಿಲಿಂಡರ್ ಕುಂಟುತ್ತಾ, ಐದು ನಿಮಿಷ ನಡುಗಿ ಸ್ಥಿಮಿತಕ್ಕೆ ಬರುತ್ತಿತ್ತು. ನಾಲ್ಕುನೂರು ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿತ್ತು. ಲೋಡಿನ ಮೇಲೆ ಏರು ಬಂದರೆ ಹಿಂದೆ ಬರುವ ಬೈಕಿನವರು ಮುಖ ಮುಚ್ಚಿಕೊಳ್ಳುವಷ್ಟು ಹೊಗೆ. ಮೊದಲು ತೋರಿಸಿದ ಎರಡು ಕಡೆ ಎರಡು ಉತ್ತರ ಸಿಕ್ಕವು. ಒಬ್ಬರು ಬಾನೆಟ್ಟನ್ನೂ ತೆರೆಯದೆ ಪೂರ್ತಿ ಎಂಜಿನ್ ಕೆಲಸಕ್ಕೆ ಒಂದು ಮೊತ್ತ ಹೇಳಿದರು. ಇನ್ನೊಬ್ಬರು ಎಲ್ಲಿಂದಲೋ ಬಂದ ಹಳೆಯ ಎಂಜಿನ್ನನ್ನೇ ಇಟ್ಟುಕೊಡುತ್ತೇನೆ, ಎರಡು ದಿನದ ಕೆಲಸ ಎಂದರು. ಎರಡನೆಯದು ಕೇಳಲು ಸುಲಭವಾಗಿತ್ತು. ಆದರೆ ಎಂಜಿನ್ ಬದಲಾದರೆ ನಂಬರೂ ಬದಲಾಗುತ್ತದೆ, ಅದನ್ನು ಆರ್‌ಟಿಓ ಕಚೇರಿಯಲ್ಲಿ ಆರ್‌ಸಿಗೆ ಏರಿಸದಿದ್ದರೆ ಫಿಟ್ನೆಸ್ಸಿಗೆ ಹೋದಾಗ ಗಾಡಿ ಅಲ್ಲಿಯೇ ನಿಲ್ಲುತ್ತದೆ, ಮತ್ತು ಆ ಹಳೆಯ ಎಂಜಿನ್ ಯಾರದೆಂದು ವಿವರಿಸುವ ಹೊಣೆ ನನ್ನ ಕೊರಳಿಗೆ ಬೀಳುತ್ತದೆ. ಇದೇ ಹಂತದಲ್ಲಿ ನಮ್ಮೂರಿನ ಟ್ರ್ಯಾಕ್ಟರ್ ಚಾಲಕರೊಬ್ಬರು ಈ ಬೋರ್ಡಿಲ್ಲದ ಗ್ಯಾರೇಜಿನ ಗುರುತು ಹೇಳಿದರು.

ಇಲ್ಲಿನ ಮಿಸ್ತ್ರಿ ಐವತ್ತು ದಾಟಿದವರು, ಮಾತು ಕಡಿಮೆ. ಖರ್ಚು ಎಷ್ಟು ಬಂದೀತು ಎಂದು ಕೇಳಿದ್ದಕ್ಕೆ, "ಮೊದಲ ಅಳತಿ ನೋಡೋಣ್ರಿ ಯಜಮಾನ್ರ, ರೊಕ್ಕದ ಮಾತು ಆಮ್ಯಾಲ" ಎಂದರು. ನಂತರ ಅವರು ಮಾಡಿದ ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಕಿರಲಿಲ್ಲ. ಎಂಜಿನ್ ಚಾಲು ಇರುವಾಗಲೇ ಆಯಿಲ್ ತುಂಬುವ ಮುಚ್ಚಳವನ್ನು ತಿರುಗಿಸಿ ತೆಗೆದು, ಅದನ್ನು ಬೋರಲು ಮಾಡಿ ಅದೇ ಬಾಯಿಯ ಮೇಲೆ ಸುಮ್ಮನೆ ಇಟ್ಟರು. ಒಲೆಯ ಮೇಲಿನ ಕುದಿಯುವ ಪಾತ್ರೆಯ ತಟ್ಟೆಯಂತೆ ಅದು ಕುಣಿದು, ಎರಡು ಸೆಕೆಂಡಿನಲ್ಲಿ ಹಾರಿ ಕೆಳಗೆ ಬಿತ್ತು. ಪಿಸ್ಟನ್ನಿನ ಸುತ್ತ ಕೂತ ರಿಂಗುಗಳು ತಡೆಯಬೇಕಾದ ಗಾಳಿ ಕೆಳಗೆ ನುಸುಳಿ ಆಯಿಲ್ ಚೇಂಬರಿಗೆ ಹೋಗುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೂ ಅವರು ಅಷ್ಟಕ್ಕೇ ನಿಲ್ಲಿಸದೆ ಡೀಸೆಲ್ ಚಿಮ್ಮಿಸುವ ನಾಲ್ಕೂ ನಾಝಲ್ ಬಿಚ್ಚಿ, ಅವುಗಳ ತೂತಿಗೆ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ಓದಿದ ಅಂಕಿಗಳನ್ನು ಸೀಮೆಸುಣ್ಣದಿಂದ ಬಾನೆಟ್ಟಿನ ಒಳಮೈಮೇಲೆ ಬರೆದರು: 23, 22, 15, 22 ಕೆ.ಜಿ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿದ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಹದಿನೈದಕ್ಕೆ ಇಳಿದ ಮೂರನೆಯ ಸಿಲಿಂಡರಿನಲ್ಲಿ ಚಳಿಗೆ ಆ ಬಿಸಿ ಹುಟ್ಟುತ್ತಿರಲಿಲ್ಲ. ಬೆಳಗಿನ ಬಿಳಿ ಹೊಗೆ ಸುಡದೆ ಹೊರಬಂದ ಡೀಸೆಲ್ಲಿನದು. ಆ ಸೀಮೆಸುಣ್ಣದ ಅಂಕಿಗಳನ್ನು ನಾನು ಇನ್ನೂ ಅಳಿಸಿಲ್ಲ.

ಎಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ ಇಳಿಸಿದ ದಿನ ನನ್ನನ್ನು ಕರೆಸಿದರು. ಹಣ ಕೊಡುವವನು ಬಿಚ್ಚಿದ ಎಂಜಿನ್ನನ್ನು ಕಣ್ಣಾರೆ ನೋಡಬೇಕು ಎಂಬುದು ಅಲ್ಲಿನ ಪದ್ಧತಿ. ನನಗೆ ಅತ್ಯಂತ ಮೆಚ್ಚುಗೆಯಾದದ್ದೂ ಇದೇ. ಮೂರನೆಯ ಸಿಲಿಂಡರಿನ ಬಾಯಿಯ ಒಳಗೆ ಉಗುರು ಆಡಿಸಿ ನೋಡಲು ಹೇಳಿದರು. ಮೇಲಿನ ಅಂಚಿನಿಂದ ಸ್ವಲ್ಪ ಕೆಳಗೆ, ಮೊದಲ ರಿಂಗು ತಿರುಗಿ ಇಳಿಯುವ ಜಾಗದಲ್ಲಿ, ಉಗುರು ಸಣ್ಣ ಮೆಟ್ಟಿಲಿಗೆ ಸಿಕ್ಕಿಕೊಂಡಿತು. ಮೇಲಿನದು ಕಾರ್ಖಾನೆಯಿಂದ ಬಂದ ಅಳತೆ, ಕೆಳಗಿನದು ಇಷ್ಟು ವರ್ಷಗಳ ಸವೆತ. ಬೋರ್ ಗೇಜಿನಲ್ಲಿ ಆ ಸವೆದ ಜಾಗದಲ್ಲಿ 97.31 ಮಿಲಿಮೀಟರ್ ಬಂತು, ಬುಡದಲ್ಲಿ 97.06. ಅದೇ ಸಿಲಿಂಡರಿನ ಎರಡನೆಯ ರಿಂಗು ಮುರಿದು ಮೂರು ತುಂಡಾಗಿತ್ತು.

"ಇದು ವಯಸ್ಸಾಗಿ ಸವದ ಎಂಜಿನ್ ಅಲ್ರಿ, ಧೂಳ ತಿಂದ ಎಂಜಿನ್" ಎಂದು ಹೇಳಿ ಏರ್ ಕ್ಲೀನರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಹೋಸನ್ನು ಕೈಗೆ ಕೊಟ್ಟರು. ಅದರ ಕೆಳಮೈ ಬಿರಿದಿತ್ತು, ಮತ್ತು ಆ ಬಿರುಕಿನ ಸುತ್ತ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದವನು ನಾನೇ. ಮೂರು ವರ್ಷದ ಹಿಂದೆ, ಸುಗ್ಗಿಯ ಗಡಿಬಿಡಿಯಲ್ಲಿ, ನಾಳೆ ಹೊಸದು ಹಾಕಿಸಿದರಾಯಿತು ಎಂದುಕೊಂಡು ಕಟ್ಟಿದ್ದು. ಫಿಲ್ಟರ್ ಎಷ್ಟು ಹೊಸದಿದ್ದರೇನು, ಅದರ ಆಚೆಯ ಬಿರುಕಿನಿಂದ ಹೋದ ಗಾಳಿ ಸೋಸದ ಗಾಳಿಯೇ. ಬೇಸಿಗೆಯ ಎರಿ ಹೊಲದ ದಾರಿಯಲ್ಲಿ ಏಳುವ ನುಣ್ಣನೆಯ ಧೂಳು ಆಯಿಲ್ ಜೊತೆ ಬೆರೆತರೆ ಸಾಣೆಯ ಹಿಟ್ಟಿನಂತೆ ಕೆಲಸ ಮಾಡುತ್ತದೆ. ಕೆಲವು ನೂರು ರೂಪಾಯಿಯ ಹೋಸು ಹಾಕಿಸದೆ ನಾನು ಎಂಜಿನ್ ಕೆಲಸ ಮೈಮೇಲೆ ಎಳೆದುಕೊಂಡಿದ್ದೆ.

ಲೈನರ್ ಕೂರಿಸಿ ಬೋರ್ ಮಾಡುವ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡವನ್ನು ಗ್ರೈಂಡ್ ಮಾಡುವ, ಹೆಡ್ಡಿನ ಮೈ ಸಮ ಮಾಡುವ ಯಂತ್ರಗಳು ಈ ಗ್ಯಾರೇಜಿನಲ್ಲಿಲ್ಲ. ಆ ಕೆಲಸ ಗೋಕುಲ ರಸ್ತೆಯ ಔದ್ಯೋಗಿಕ ವಸಾಹತಿನ ಒಂದು ವರ್ಕ್‌ಶಾಪಿನಲ್ಲಿ ಆಗುತ್ತದೆ. ಆದರೆ ಮಿಸ್ತ್ರಿ ಅಲ್ಲಿಗೆ ಕಳಿಸುವ ಮುನ್ನ ಪ್ರತಿಯೊಂದರ ಅಳತೆಯನ್ನು ತಮ್ಮ ವಹಿಯಲ್ಲಿ ಬರೆದುಕೊಳ್ಳುತ್ತಾರೆ, ಮರಳಿ ಬಂದ ಮೇಲೆ ಮತ್ತೆ ಅಳೆಯುತ್ತಾರೆ. ನಮ್ಮ ಕ್ರ್ಯಾಂಕು, ಮೂಲ ಅಳತೆಗಿಂತ ಸಣ್ಣದಾಗುವಂತೆ, 0.25 ಮಿಲಿಮೀಟರ್ ಅಂಡರ್‌ಸೈಜಿಗೆ ಗ್ರೈಂಡ್ ಆಗಿ ಬಂತು, ಅಳತೆ ಸರಿಯಿತ್ತು. ಆದರೂ ಅದನ್ನು ನೇರವಾಗಿ ಕೂರಿಸದೆ, ಅದರೊಳಗಿನ ಆಯಿಲ್ ತೂತುಗಳ ಪ್ಲಗ್ ತೆಗೆಸಿ, ಸೈಕಲ್ಲಿನ ಕಡ್ಡಿಗೆ ಮಲ್ ಬಟ್ಟೆ ಸುತ್ತಿ ಡೀಸೆಲ್ಲಿನಲ್ಲಿ ಅದ್ದಿ ಒಂದೊಂದು ತೂತನ್ನೂ ತಿಕ್ಕಿಸಿದರು. ಮೊದಲ ಸಲ ಹೊರಬಂದ ಬಟ್ಟೆಯ ತುದಿಯಲ್ಲಿ ಬೂದಿ ಬಣ್ಣದ ಪುಡಿ ಅಂಟಿತ್ತು. ಗ್ರೈಂಡಿಂಗಿನ ಆ ಪುಡಿ ಒಳಗೇ ಉಳಿದಿದ್ದರೆ ಎಂಜಿನ್ ಚಾಲು ಮಾಡಿದ ಮೊದಲ ಗಳಿಗೆಯಲ್ಲೇ ಆಯಿಲಿನ ಜೊತೆ ಹೊಸ ಬೇರಿಂಗಿಗೆ ಹೋಗಿ ಸೇರುತ್ತಿತ್ತು. ಬಟ್ಟೆ ಬಿಳಿಯಾಗಿ ಬರುವವರೆಗೂ, ನಾನು ಎಣಿಸಿದಂತೆ ಏಳು ಸಲ, ಹುಡುಗನಿಂದ ತಿಕ್ಕಿಸಿದರು. ಅನೇಕ ಕಡೆ ಎಂಜಿನ್ ಕೆಲಸ ಮಾಡಿಸಿದ ಆರೇ ತಿಂಗಳಿಗೆ ಮತ್ತೆ ತಟತಟ ಸದ್ದು ಬರುವುದಕ್ಕೆ ಈ ಒಂದು ಗಂಟೆಯ ಕೆಲಸವನ್ನು ಬಿಡುವುದೂ ಒಂದು ಕಾರಣವೆಂದು ನನಗೆ ಅಂದು ಅರ್ಥವಾಯಿತು.

ಹೊಸ ರಿಂಗುಗಳನ್ನೂ ಪೊಟ್ಟಣದಿಂದ ತೆಗೆದು ಹಾಗೆಯೇ ತೊಡಿಸಲಿಲ್ಲ. ಒಂದೊಂದನ್ನೂ ಅದು ಹೋಗಬೇಕಾದ ಸಿಲಿಂಡರಿನಲ್ಲೇ ಇಳಿಸಿ, ಪಿಸ್ಟನ್ನಿನ ತಲೆಯಿಂದ ನೇರ ಮಾಡಿ, ಬಾಯಿಯ ಸಂದಿಗೆ ಫೀಲರ್ ಗೇಜ್ ತೂರಿಸಿ ನೋಡಿದರು. ಕಾದಾಗ ಹಿಗ್ಗಲು ಜಾಗ ಸಾಲದಿದ್ದರೆ ರಿಂಗು ಮುರಿಯುತ್ತದೆ, ಜಾಗ ಹೆಚ್ಚಾದರೆ ಗಾಳಿ ಸೋರುತ್ತದೆ. ವಾಲ್ವುಗಳನ್ನು ತಿಕ್ಕಿ ಕೂರಿಸಿದ ಮೇಲೆ ಹೆಡ್ಡನ್ನು ಬೋರಲು ಹಾಕಿ ಗುಳಿಗಳಲ್ಲಿ ಚಿಮಣಿ ಎಣ್ಣೆ ತುಂಬಿಸಿ ಊಟಕ್ಕೆ ಹೋದರು. ಮರಳಿ ಬಂದಾಗ ಒಂದು ಗುಳಿಯ ಎಣ್ಣೆ ಇಳಿದಿತ್ತು, ಆ ವಾಲ್ವನ್ನು ಮತ್ತೆ ತಿಕ್ಕಿಸಿದರು.

ಗೇರ್‌ಬಾಕ್ಸಿನ ವಿಷಯ ಬೇರೆ. ಎಂಜಿನ್ ಇಳಿದಿರುವಾಗಲೇ ಅದನ್ನೂ ಬಿಚ್ಚಿ ಬೇರಿಂಗ್ ಬದಲಿಸಿಬಿಡಿ ಎಂದು ನಾನೇ ಒತ್ತಾಯಿಸಿದೆ. ಮಿಸ್ತ್ರಿ ಆಯಿಲ್ ಖಾಲಿ ಮಾಡಿ, ಅದರಲ್ಲಿ ಲೋಹದ ಪುಡಿ ಇಲ್ಲವೆಂಬುದನ್ನು ಅಯಸ್ಕಾಂತ ಆಡಿಸಿ ತೋರಿಸಿ, ಶಾಫ್ಟನ್ನು ಕೈಯಲ್ಲಿ ಅಲ್ಲಾಡಿಸಿ, "ಚಲೋ ಇದ್ದದ್ದನ್ನ ಬಿಚ್ಚಿದ್ರ ಅದು ಮತ್ತ ಮೊದಲಿನಂಗ ಕೂಡಂಗಿಲ್ರಿ. ಆ ರೊಕ್ಕ ಪಂಪಿಗೆ ಹಾಕ್ರಿ" ಎಂದರು. ಕೈಗೆ ಬಂದ ಕೂಲಿಯನ್ನು ಬೇಡವೆಂದ ಮಿಸ್ತ್ರಿಯನ್ನು ನಾನು ನೋಡಿದ್ದು ಅದೇ ಮೊದಲು. ಕ್ಲಚ್ ಪ್ಲೇಟ್ ಮಾತ್ರ ಬದಲಾಯಿತು.

ಪಂಪು ಎಂದರೆ ಡೀಸೆಲ್ ಇಂಜೆಕ್ಷನ್ ಪಂಪು. ಹುಬ್ಬಳ್ಳಿಯ ಮಿಸ್ತ್ರಿಗಳ ಬಾಯಲ್ಲಿ ಅದು ಇಂದಿಗೂ ಮೈಕೊ ಪಂಪು. 1951ರಲ್ಲಿ ಹುಟ್ಟಿದ, ಬೆಂಗಳೂರಿನ ಮೈಕೊ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜುಗಳಲ್ಲಿ ಆ ಹೆಸರು ಬದಲಾಗಿಲ್ಲ. ನಮ್ಮ ಪಂಪನ್ನು ಕ್ಯಾಲಿಬ್ರೇಷನ್ ಮಾಡುವ ಬೇರೊಂದು ಅಂಗಡಿಗೆ ಕಳಿಸಿದರು, ನಾನೂ ಜೊತೆಗೆ ಹೋದೆ. ಅಲ್ಲಿ ಪಂಪನ್ನು ಬೆಂಚಿನ ಮೇಲೆ ಕಟ್ಟಿ ಮೋಟರಿನಿಂದ ತಿರುಗಿಸಿದಾಗ ನಾಲ್ಕು ಗಾಜಿನ ನಳಿಕೆಗಳಲ್ಲಿ ಡೀಸೆಲ್ ಏರತೊಡಗಿತು. ನಾಲ್ಕೂ ಸಮ ಏರಬೇಕು. ನಮ್ಮದರಲ್ಲಿ ನಾಲ್ಕನೆಯದು ಉಳಿದವಕ್ಕಿಂತ ಒಂದು ಬೆರಳು ಮೇಲೆ, ಮೂರನೆಯದು ಅರ್ಧ ಬೆರಳು ಕೆಳಗೆ ನಿಂತಿತು. ಅಂದರೆ ಒಂದು ಸಿಲಿಂಡರ್ ಉಪವಾಸ, ಇನ್ನೊಂದಕ್ಕೆ ಅಜೀರ್ಣ. ಲೋಡಿನಲ್ಲಿ ಬರುತ್ತಿದ್ದ ಕರಿಹೊಗೆಯ ಮೂಲ ಅಲ್ಲಿತ್ತು. ನಾಝಲುಗಳನ್ನು ಕೈಪಂಪಿಗೆ ಹಾಕಿ ಒತ್ತಿದಾಗ ಒಳ್ಳೆಯದು ಗರಗರ ಎಂದು ಮಂಜಿನಂತೆ ಚಿಮ್ಮಿದರೆ, ಕೆಟ್ಟದ್ದು ಮೂಗು ಸೋರಿದಂತೆ ತೊಟ್ಟಿಕ್ಕುತ್ತದೆ. ನಾನು ನೋಡುವ ಉತ್ಸಾಹದಲ್ಲಿ ಕೈ ಮುಂದೆ ಒಡ್ಡಿದ್ದಕ್ಕೆ ಅಂಗಡಿಯ ಹುಡುಗ ಗದರಿಸಿದ. ಗದರಿಸಿದ್ದು ಸರಿ: ಇನ್ನೂರು ಕೆ.ಜಿ.ಗೂ ಮೀರಿದ ಒತ್ತಡದಲ್ಲಿ ಹೊರಡುವ ಆ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗಬಲ್ಲದು, ಹಾಗಾದರೆ ಆಸ್ಪತ್ರೆಯೇ ಗತಿ.

ಚಾಸಿಯ ಕೆಲಸವನ್ನು ಗ್ಯಾರೇಜಿನಲ್ಲೇ ಮಾಡಿದರು. ಎರಿ ಮಣ್ಣು ಒಮ್ಮೆ ಮೆತ್ತಿಕೊಂಡರೆ ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುವ ಸ್ವಭಾವದ್ದು, ಅಡ್ಡಪಟ್ಟಿಗಳ ಮೂಲೆಯಲ್ಲಿ ಅದು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ತೊಳೆದ ಮೇಲೆ ಸಣ್ಣ ಸುತ್ತಿಗೆಯಿಂದ ಅಡಿಗಡಿಗೆ ತಟ್ಟುತ್ತಾ ಹೋದರು. ಗಂಟೆಯಂತೆ ಠಣ್ ಎಂದರೆ ಕಬ್ಬಿಣ ಜೀವಂತ, ದಪ್ ಎಂದರೆ ಒಳಗೆ ತುಕ್ಕು. ಹಿಂದಿನ ಪಾಟಾ (ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿ) ಕೂಡುವ ಬ್ರ್ಯಾಕೆಟ್ಟಿನ ಮೇಲೆ ಎರಡು ಕಡೆ ದಪ್ ಎಂದಿತು, ಅಲ್ಲಿ ಕತ್ತರಿಸಿ ಹೊಸ ಪ್ಲೇಟು ಬೆಸೆದರು. ಮುರಿದ ಎರಡು ಪಾಟಾ, ಬುಶ್ಶುಗಳು, ಬ್ರೇಕಿನ ವೀಲ್ ಸಿಲಿಂಡರ್, ಸ್ಟೇರಿಂಗಿನ ಬಾಲ್ ಜಾಯಿಂಟ್ ಬದಲಾದವು. ಇವುಗಳ ಬಗ್ಗೆ ದೂರಿಲ್ಲ, ವಿಶೇಷ ಹೊಗಳಿಕೆಯೂ ಇಲ್ಲ.

ಇನ್ನು ದೂರುಗಳು. ಹದಿನೈದು ದಿನವೆಂದು ಹೇಳಿದ ಕೆಲಸಕ್ಕೆ ನಲವತ್ತೊಂದು ದಿನ ಹಿಡಿಯಿತು. ನಡುವೆ ಗಣೇಶ ಚತುರ್ಥಿ ಬಂತು, ಹುಡುಗರು ಊರಿಗೆ ಹೋದರು, ವರ್ಕ್‌ಶಾಪಿನಲ್ಲಿ ಸರದಿ ಇತ್ತು, ಇವೆಲ್ಲ ನಿಜವೇ. ಆದರೆ ಅದನ್ನು ಹೇಳಲು ಯಾರೂ ಫೋನ್ ಮಾಡಲಿಲ್ಲ, ಪ್ರತಿ ಸಲವೂ ನಾನೇ ಕುಂದಗೋಳದಿಂದ ಬಸ್ಸು ಹತ್ತಿ ಹೋಗಿ ನೋಡಬೇಕಾಯಿತು. ಉಳ್ಳಾಗಡ್ಡಿ ಕೀಳುವುದಕ್ಕೆ ಇನ್ನೂ ಸಮಯವಿತ್ತಾದ್ದರಿಂದ ಬದುಕಿದೆ. ಸುಗ್ಗಿಯ ನಡುವೆ ಗಾಡಿ ಕೊಟ್ಟಿದ್ದರೆ ಬಾಡಿಗೆಯ ಗಾಡಿಗೆ ಸುರಿದ ಹಣವನ್ನೂ ಈ ಖರ್ಚಿಗೆ ಸೇರಿಸಬೇಕಾಗುತ್ತಿತ್ತು. ಲೆಕ್ಕದ ವಿಷಯದಲ್ಲೂ ಅಚ್ಚುಕಟ್ಟಿಲ್ಲ. ಬಿಡಿಭಾಗದ ಅಂಗಡಿಯ ಬಿಲ್ಲುಗಳನ್ನು ಒಂದು ತಂತಿಗೆ ಚುಚ್ಚಿ ಇಟ್ಟಿದ್ದರು. ಕೂಲಿಯ ಲೆಕ್ಕ ಮಿಸ್ತ್ರಿಯ ತಲೆಯಲ್ಲಿತ್ತು. ಕೊನೆಗೆ ಕೂತು ಕೂಡಿಸಿದಾಗ ಒಂದು ಸೀಲಿನ ಹಣ ಎರಡು ಸಲ ಬಂದಿತ್ತು. ತೋರಿಸಿದ ಕೂಡಲೇ ಮರುಮಾತಿಲ್ಲದೆ ತೆಗೆದರು. ಆದರೆ ತೋರಿಸಬೇಕಾದವನು ನಾನಾಗಿದ್ದೆ.

ದೊಡ್ಡ ದೂರು ಬಣ್ಣದ್ದು. ತಗಡು ಮತ್ತು ಬಣ್ಣದ ಕೆಲಸವನ್ನು ಇವರು ಪಕ್ಕದ ಪೇಂಟರಿಗೆ ವಹಿಸುತ್ತಾರೆ, ಅಲ್ಲಿ ಮಿಸ್ತ್ರಿಯ ಕಣ್ಣು ಓಡುವುದಿಲ್ಲ. ಬಾಗಿಲಿನ ಕೆಳಗಂಚಿನ ತುಕ್ಕನ್ನು ಕತ್ತರಿಸಿ ಹೊಸ ತಗಡು ಕೂರಿಸಬೇಕಿತ್ತು. ಅವರು ಮೇಲಿಂದ ಕೆರೆದು ಪುಟ್ಟಿ ಮೆತ್ತಿ ಬಣ್ಣ ಹೊಡೆದರು. ತಂದ ದಿನ ಕನ್ನಡಿಯಂತೆ ಹೊಳೆಯಿತು. ಮೂರು ತಿಂಗಳಿಗೆ ಎಡ ಬಾಗಿಲಿನ ಅಂಚಿನಲ್ಲಿ ಹಪ್ಪಳದ ಗುಳ್ಳೆಗಳಂತೆ ಬಣ್ಣ ಎದ್ದಿತು, ಬೆರಳಿನಿಂದ ಒತ್ತಿದರೆ ಕೆಂಪು ಪುಡಿ ಉದುರುತ್ತದೆ. ಎಂಜಿನ್ನಿನ ಒಂದೊಂದು ರಿಂಗನ್ನೂ ಅಳೆದ ಜಾಗದಲ್ಲೇ ಹೀಗಾದದ್ದು ಬೇಸರ ತಂದಿತು. ಈ ಗ್ಯಾರೇಜಿಗೆ ಹೋಗುವವರು ಎಂಜಿನ್ ಮತ್ತು ಚಾಸಿಯ ಕೆಲಸ ಮುಗಿಸಿಕೊಂಡು, ತಗಡಿನ ಕೆಲಸವನ್ನು ತಾವೇ ನೋಡಿ ಆರಿಸಿದ ಬೇರೆಯವರಿಗೆ ಕೊಡುವುದು ಒಳ್ಳೆಯದು.

ಒಂದು ಅವಘಡವನ್ನು ಮಾತ್ರ ಗ್ಯಾರೇಜಿನ ಲೆಕ್ಕಕ್ಕೆ ಹಾಕಲಾರೆ. ಮಿಸ್ತ್ರಿ ಬರೆದುಕೊಟ್ಟ ಪಟ್ಟಿಯಲ್ಲಿ ವಾಟರ್ ಪಂಪಿನ ಮುಂದೆ ಕಂಪನಿಯ ಮಾಲೇ ಬೇಕೆಂದು ಗೆರೆ ಎಳೆದಿತ್ತು. ಬಿಡಿಭಾಗದ ಅಂಗಡಿಯವರು ಅದೇ ಹೆಸರಿನ ಡಬ್ಬಿಯನ್ನು ಆರುನೂರು ರೂಪಾಯಿ ಕಡಿಮೆಗೆ ಕೊಟ್ಟಾಗ ನಾನು ಜಾಣತನ ಮಾಡಿದೆನೆಂದುಕೊಂಡೆ. ಗಾಡಿ ಕೈಗೆ ಬಂದು ಏಳುನೂರು ಕಿಲೋಮೀಟರ್ ಆಗಿತ್ತು. ಬಿತ್ತನೆ ಬೀಜ ತರಲು ಗದಗಿಗೆ ಹೊರಟಾಗ ಅಣ್ಣಿಗೇರಿ ದಾಟುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಎಂದಿನ ಜಾಗ ಬಿಟ್ಟು ಮೇಲೇರಿತು. ನಿಲ್ಲಿಸಿ ಬಗ್ಗಿ ನೋಡಿದರೆ ವಾಟರ್ ಪಂಪಿನ ಹೊಟ್ಟೆಯ ಕೆಳಗಿರುವ ಸಣ್ಣ ತೂತಿನಿಂದ ಹಸಿರು ಕೂಲಂಟ್ ತೊಟ್ಟಿಕ್ಕುತ್ತಿತ್ತು. ಒಳಗಿನ ಸೀಲು ಹೋದರೆ ಸುಳಿವು ಕೊಡಲೆಂದೇ ಆ ತೂತನ್ನು ಇಟ್ಟಿರುತ್ತಾರೆ. ಇನ್ನು ಹತ್ತು ಕಿಲೋಮೀಟರ್ ಎಳೆದಿದ್ದರೆ ಹೊಸ ಹೆಡ್ ಗ್ಯಾಸ್ಕೆಟ್ಟೂ, ಬಹುಶಃ ಹೆಡ್ಡೂ ಹೋಗುತ್ತಿತ್ತು. ಮಿಸ್ತ್ರಿ ಹುಡುಗನನ್ನು ಬೈಕಿನ ಮೇಲೆ ಕಳಿಸಿ ರಸ್ತೆಯಲ್ಲೇ ಅಸಲಿ ಪಂಪು ಹಾಕಿಸಿದರು, ಕೂಲಿ ಕೇಳಲಿಲ್ಲ. ನಕಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿದಾಗ ಶಾಫ್ಟು ಕಡಲೆಕಾಯಿಯೊಳಗಿನ ಬೀಜದಂತೆ ಅಲ್ಲಾಡುತ್ತಿತ್ತು. ಅಂಗಡಿಯವರು ಬಿಲ್ ಇಲ್ಲದ ಮಾಲನ್ನು ಹಿಂದಕ್ಕೆ ಪಡೆಯಲಿಲ್ಲ.

ಗಾಡಿ ಕೊಡುವಾಗ ಹೇಳಿದ ಕಟ್ಟಳೆಗಳನ್ನು ನಾನು ಪಾಲಿಸಿದೆ. ಮೊದಲ ಸಾವಿರ ಕಿಲೋಮೀಟರ್ ಅರ್ಧ ಲೋಡು. ಒಂದೇ ವೇಗದಲ್ಲಿ ತಾಸುಗಟ್ಟಲೆ ಓಡಿಸುವಂತಿಲ್ಲ, ನಿಂತಲ್ಲೇ ಸುಮ್ಮನೆ ಚಾಲು ಇಡುವಂತಿಲ್ಲ. ಐದುನೂರಕ್ಕೆ ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕು. ಹೊಸ ರಿಂಗು ಮತ್ತು ಸಿಲಿಂಡರಿನ ಒಳಮೈಮೇಲೆ ಎಳೆದ ಹೋನಿಂಗ್ ಗೆರೆಗಳು ಒಂದನ್ನೊಂದು ತಿಕ್ಕಿ ಹೊಂದಿಕೊಳ್ಳಲು ಸ್ವಲ್ಪ ಭಾರ ಬೇಕೇ ಬೇಕು, ಅತಿಯಾದ ಭಾರ ಬೇಡ. ಹೀಗಾಗಿ ಮೊದಲ ಖೇಪುಗಳಲ್ಲಿ ಹೊಟ್ಟು, ಮೇವು ಸಾಗಿಸಿದೆ. ಸಾವಿರ ದಾಟಿದ ಮೇಲೆ ಟ್ಯಾಪೆಟ್, ಅಂದರೆ ವಾಲ್ವುಗಳ ಸಂದಿ, ಮತ್ತೆ ಸರಿಮಾಡಿಕೊಟ್ಟರು.

ಒಟ್ಟು ಖರ್ಚು 1,40,000 ರೂಪಾಯಿ. ಎಂಜಿನ್ನಿನ ಬಿಡಿಭಾಗಗಳಿಗೆ 41,000, ಬೋರ್, ಕ್ರ್ಯಾಂಕ್, ಹೆಡ್ ಕೆಲಸಕ್ಕೆ 13,500, ಪಂಪು ಮತ್ತು ನಾಝಲಿಗೆ 18,500, ಗ್ಯಾರೇಜಿನ ಕೂಲಿ 22,000, ಪಾಟಾ, ಬ್ರೇಕು, ಸ್ಟೇರಿಂಗಿಗೆ 19,000 ಹೋದವು. ಉಳಿದ 26,000 ಆ ಹಾಳು ಬಣ್ಣಕ್ಕೆ. ಕೊನೆಯದನ್ನು ಬಿಟ್ಟರೆ ಉಳಿದ ಯಾವ ಹಣವೂ ದಂಡವೆನಿಸಿಲ್ಲ. ಮೊದಲು ಲೀಟರಿಗೆ ಎಂಟೂವರೆ ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಈಗ ಲೋಡಿನಲ್ಲಿ ಹತ್ತೂವರೆ, ಖಾಲಿ ಓಡಿದಾಗ ಹನ್ನೆರಡರ ಹತ್ತಿರ ಕೊಡುತ್ತಿದೆ. ಆಯಿಲ್ ಬದಲಿಸಿದ ಮೇಲೆ ಮೂರು ಸಾವಿರ ಕಿಲೋಮೀಟರ್ ಓಡಿದರೂ ಡಿಪ್‌ಸ್ಟಿಕ್ಕಿನಲ್ಲಿ ಕಾಣುವಷ್ಟು ಇಳಿದಿಲ್ಲ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷವೂ ಫಿಟ್ನೆಸ್ ಮಾಡಿಸಬೇಕು. ನಮ್ಮ ಕಾಲದ ಡೀಸೆಲ್ ಗಾಡಿಗಳ ಹೊಗೆಯ ಸಾಂದ್ರತೆ ಮೀಟರಿಗೆ 2.45 ದಾಟಬಾರದೆಂಬುದು ನಿಯಮ. ಹೋದ ಸಲ ಎರಡು ಬಾರಿ ಅನುತ್ತೀರ್ಣವಾಗಿದ್ದ ಗಾಡಿ ಈ ಸಲ 1.3 ತೋರಿಸಿ ಒಂದೇ ಸಲಕ್ಕೆ ಪಾಸಾಯಿತು. ಮಾಘದ ಚಳಿಯಲ್ಲಿ, ಕ್ಯಾಬಿನ್ನಿಗಿಂತ ಎತ್ತರಕ್ಕೆ ಮೆಣಸಿನಕಾಯಿ ಚೀಲ ಪೇರಿಸಿಕೊಂಡು ಬೆಳಗಿನ ನಾಲ್ಕಕ್ಕೆ ಬ್ಯಾಡಗಿಗೆ ಹೊರಟಾಗ ಮೊದಲ ಸೆಲ್ಫಿಗೇ ಚಾಲು ಆಯಿತು. ಮನೆಯಲ್ಲಿ ಯಾರಿಗೂ ಎಚ್ಚರವಾಗಲಿಲ್ಲ.

ಗೇರ್‌ಬಾಕ್ಸು ಆರು ಸಾವಿರ ಕಿಲೋಮೀಟರಿನಲ್ಲಿ ಒಂದು ಸದ್ದನ್ನೂ ಮಾಡಿಲ್ಲ.

ಹೋಗಬೇಕೆನ್ನುವವರಿಗೆ ಎರಡು ಮಾತು. ಅಮಾವಾಸ್ಯೆಯ ದಿನ ಪೂಜೆ ಮಾಡಿ ಬಾಗಿಲು ಹಾಕುತ್ತಾರೆ, ಅಂದು ಹೋಗಬೇಡಿ. ಉಳಿದ ದಿನ ಒಂಬತ್ತೂವರೆಯೊಳಗೆ ಹೋದರೆ ಮಿಸ್ತ್ರಿ ಕೈ ಕೊಳೆ ಮಾಡಿಕೊಳ್ಳುವ ಮೊದಲೇ ಮಾತಿಗೆ ಸಿಗುತ್ತಾರೆ; ಆಮೇಲೆ ಫೋನನ್ನೂ ಎತ್ತುವುದಿಲ್ಲ. ಗಾಡಿಯನ್ನು ಎಳೆದುಕೊಂಡು ಹೋಗುವ ಬದಲು ಸಾಧ್ಯವಿದ್ದರೆ ಓಡಿಸಿಕೊಂಡೇ ಹೋಗಿ, ಏಕೆಂದರೆ ಎಂಜಿನ್ ಚಾಲು ಇಲ್ಲದೆ ಆ ಮುಚ್ಚಳದ ಪರೀಕ್ಷೆ ಆಗುವುದಿಲ್ಲ.